ಮೊಗಸಾಲೆ ಮತ್ತು ‘ಮತ್ತಿತರರು’



ದತ್ತಿ ಉಪನ್ಯಾಸಕ್ಕೆ ನಿಂತವರು ಮೊದಲು ದಾನಿಗಳ ಹೆಸರು ಹೇಳಿ ಕೈಮುಗಿಯುವುದು ವಾಡಿಕೆ. ಈ ದತ್ತಿಗೆ ಹಣ ಇಟ್ಟ ಅಮ್ಮ ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರು ಎಲ್ಲೂ ಬರಕೂಡದು, ಇದು ಒಂದು. ‘ಹೆಣ್ಣು ಅಬಲೆಯಲ್ಲ, ಸಬಲೆ’ ಎಂಬ ವಾಕ್ಯವನ್ನು ಉಪನ್ಯಾಸಕರು ಹೇಳಕೂಡದು, ಇದು ಇನ್ನೊಂದು. ಎರಡನೆಯದನ್ನು ಈಗಷ್ಟೇ ಮುರಿದಿದ್ದೇನೆ, ಅವರು ಕ್ಷಮಿಸಬೇಕು. ಪೀಣ್ಯದಲ್ಲಿ 30 ವರ್ಷಕ್ಕೂ ಮೇಲ್ಪಟ್ಟು ಲೇತು, ಮಿಲ್ಲಿಂಗ್ ಯಂತ್ರಗಳ ಸಣ್ಣ ಕಾರ್ಖಾನೆ ನಡೆಸಿದವರು ಅವರು. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟು, ಹಳೆಯ ಕಥೆಗಳನ್ನೆಲ್ಲ ಹೇಳಿ, ಹೊರಡುವಾಗ ಒಂದು ಲಕೋಟೆ ಕೈಗಿಟ್ಟು, ‘ಇದನ್ನ ಮನೆಗೆ ಹೋಗಿ ನೋಡಮ್ಮ’ ಅಂದರು. ಅದರ ಮಾತು ಆಮೇಲೆ.

ಇವತ್ತು ನಾನು ಒಂದು ಪದದ ಬೆನ್ನು ಹತ್ತಿ ಹೋಗಬೇಕೆಂದಿದ್ದೇನೆ. ಮೊಗಸಾಲೆ. ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಗೊತ್ತು: ಹೆಬ್ಬಾಗಿಲು ದಾಟಿದೊಡನೆ ಸಿಗುವ ಮುಂಭಾಗದ ಪಡಸಾಲೆ ಅದು. ಮನೆಯ ಯಜಮಾನ ಅಲ್ಲಿ ಕೂರುತ್ತಿದ್ದ. ಶಾನುಭೋಗರು, ಸಾಲ ಕೇಳಲು ಬಂದವರು, ಗೇಣಿಯ ಲೆಕ್ಕ ಒಪ್ಪಿಸುವವರು, ಗಂಡಿನ ಕಡೆಯವರು ಎಲ್ಲರೂ ಅಲ್ಲಿಯೇ. ಹೊಲ ಮಾರಿದ್ದು, ಮಗಳ ಮದುವೆ ನಿಶ್ಚಯವಾದದ್ದು, ಕೋರ್ಟಿಗೆ ಹೋಗುವುದೋ ರಾಜಿಯಾಗುವುದೋ ಎಂದು ತೀರ್ಮಾನವಾದದ್ದು ಮೊಗಸಾಲೆಯಲ್ಲಿ. ಮನೆಯ ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬಹುದಿತ್ತು. ನೀರು, ಮಜ್ಜಿಗೆ ತರಬಹುದಿತ್ತು. ಕೂರುವಂತಿರಲಿಲ್ಲ.

ವಿಧಾನಸಭೆಯ ‘ಲಾಬಿ’ಗೆ ಕನ್ನಡ ಪದ ಬೇಕಾದಾಗ ನಮ್ಮ ಹಿರಿಯರು ಆರಿಸಿಕೊಂಡದ್ದು ಇದೇ ಮೊಗಸಾಲೆಯನ್ನು. ಎಷ್ಟು ಸರಿಯಾದ ಅನುವಾದ ಎಂಬುದು ಅವರಿಗೂ ಹೊಳೆದಿತ್ತೋ ಇಲ್ಲವೋ. ಸದನದೊಳಗೆ ಭಾಷಣ ನಡೆಯುತ್ತದೆ, ಮೊಗಸಾಲೆಯಲ್ಲಿ ಕೆಲಸ ನಡೆಯುತ್ತದೆ. ಒಳಗೆ ಬೈದಾಡಿಕೊಂಡವರು ಹೊರಬಂದು ಒಬ್ಬರ ಹೆಗಲಿಗೊಬ್ಬರು ಕೈಹಾಕಿ ನಿಂತು ವರ್ಗಾವಣೆಯ ಚೀಟಿ ಬದಲಾಯಿಸಿಕೊಳ್ಳುವುದನ್ನು ವರದಿಗಾರ್ತಿಯಾಗಿ ನಾನು ಎಷ್ಟೋ ಅಧಿವೇಶನಗಳಲ್ಲಿ ನೋಡಿದ್ದೇನೆ. ಇಲ್ಲಿ ಮೊಗಸಾಲೆ ಅನ್ನುವಾಗ ವಿಧಾನಸೌಧದ ಆ ಕಾರಿಡಾರನ್ನು ಮಾತ್ರ ಹೇಳುತ್ತಿಲ್ಲ. ಶಾಸಕರ ಭವನದ ಕೋಣೆ, ಕ್ಲಬ್ಬಿನ ಮೂಲೆಯ ಮೇಜು, ಗಾಲ್ಫ್ ಮೈದಾನ, ರೆಸಾರ್ಟು, ಮಗನ ಮದುವೆಯ ಊಟದ ಪಂಕ್ತಿ, ರಾತ್ರಿ 10ರ ಮೇಲಿನ ಫೋನು, ಇವೆಲ್ಲ ಮೊಗಸಾಲೆಯೇ.

‘ಲಾಬಿ’ ಎಂಬ ಪದ ಕನ್ನಡದಲ್ಲಿ ಪಡೆದ ಅರ್ಥವೂ ವಿಚಿತ್ರ. ಪತ್ರಿಕೆಯಲ್ಲಿ ‘ಲಾಬಿ ಜೋರು’ ಎಂದು ಓದಿದರೆ, ಯಾರೋ ಶಾಸಕರು ಮಂತ್ರಿಗಿರಿಗೆ ದೆಹಲಿಗೆ ಹೋಗಿದ್ದಾರೆ ಎಂದು ತಿಳಿಯುತ್ತೇವೆ. ಇನ್ನು ಗಣಿ ಲಾಬಿ, ಮದ್ಯದ ಲಾಬಿ, ಸಕ್ಕರೆ ಲಾಬಿ, ಖಾಸಗಿ ಕಾಲೇಜುಗಳ ಲಾಬಿ ಎಂದಾಗ ಯಾರೋ ಹೊರಗಿನವರು ಬಂದು ಸರ್ಕಾರದ ಬಾಗಿಲು ಬಡಿಯುತ್ತಿರುವ ಚಿತ್ರ ಕಣ್ಣಿಗೆ ಬರುತ್ತದೆ. ಬಡಿಯುವ ಅಗತ್ಯವೇ ಇಲ್ಲ ಎಂಬುದು ನಮ್ಮ ರಾಜ್ಯದ ವಿಶೇಷ. ಸಕ್ಕರೆ ಕಾರ್ಖಾನೆಯ ಮಾಲೀಕರು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಒಡೆಯರು, ಬಡಾವಣೆ ಕಟ್ಟುವವರು ಚುನಾಯಿತರಾಗಿ ಒಳಗೇ ಕೂತಿದ್ದಾರೆ. ಅಮೆರಿಕದ ರಾಜ್ಯಗಳಲ್ಲಿ ಲಾಬಿ ಮಾಡುವವರು ನೋಂದಣಿ ಮಾಡಿಸಬೇಕು, ಖರ್ಚಿನ ಲೆಕ್ಕ ಕೊಡಬೇಕು. ನಮ್ಮಲ್ಲಿ ಅಂಥ ಕಾಯ್ದೆಯೇ ಇಲ್ಲ. ಆದ್ದರಿಂದ ಯಾರು ಯಾರನ್ನು ಯಾವಾಗ ಕಂಡರು, ಆ ಕೋಣೆಯಲ್ಲಿ ಹೆಂಗಸರು ಎಷ್ಟು ಜನ ಇದ್ದರು ಎಂಬುದಕ್ಕೆ ದಾಖಲೆಯೂ ಇಲ್ಲ. ಕೆಲವೊಮ್ಮೆ ಮಾತ್ರ ಕೋಣೆಯ ಗೋಡೆ ಬಿರುಕು ಬಿಟ್ಟು ಒಳಗಿನದು ಕಾಣುತ್ತದೆ.

2009ರ ನವೆಂಬರಿನಲ್ಲಿ ಹಾಗೆ ಕಂಡಿತು.

ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರಕ್ಕೆ ಆಗ ಒಂದೂವರೆ ವರ್ಷ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನು ಕಂಡುಕೇಳರಿಯದ ನೆರೆ ಮುಳುಗಿಸಿತ್ತು. ಊರುಗಳನ್ನೇ ಹೊಸದಾಗಿ ಕಟ್ಟಬೇಕಿತ್ತು, ಹಣ ಬೇಕಿತ್ತು. ಅದಿರು ಸಾಗಿಸುವ ಪ್ರತಿ ಲಾರಿಗೆ 1,000 ರೂಪಾಯಿ ಸುಂಕ ಹಾಕುವ ಮಾತು ಹೊರಟಿತು. ಬಳ್ಳಾರಿಯ ಅಧಿಕಾರಿಗಳ ವರ್ಗಾವಣೆಯೂ ಆಯಿತು. ಸಂಪುಟದಲ್ಲಿದ್ದ ಬಳ್ಳಾರಿಯ ಗಣಿಧಣಿಗಳು ಸಿಡಿದೆದ್ದರು. ಗಾಲಿ ಕರುಣಾಕರ ರೆಡ್ಡಿ ಕಂದಾಯ ಸಚಿವರು, ಜನಾರ್ದನ ರೆಡ್ಡಿ ಪ್ರವಾಸೋದ್ಯಮ ಸಚಿವರು, ಅವರ ಆಪ್ತರಾದ ಶ್ರೀರಾಮುಲು ಆರೋಗ್ಯ ಸಚಿವರು. ಶಾಸಕರ ಗುಂಪು ರಾಜ್ಯ ಬಿಟ್ಟು ಹೋಟೆಲು, ರೆಸಾರ್ಟು ಸೇರಿತು. ಮುಖ್ಯಮಂತ್ರಿಯನ್ನೇ ಬದಲಾಯಿಸಬೇಕೆಂಬುದು ಮೊದಲ ಬೇಡಿಕೆ. ಅದು ಆಗಲಿಲ್ಲ. ಹಾಗಾದರೆ ಏನು ಕೊಡುತ್ತೀರಿ ಎಂಬ ಚೌಕಾಸಿ ಶುರುವಾಯಿತು. ಟಿ.ವಿ. ಕ್ಯಾಮೆರಾದ ಮುಂದೆ ಮುಖ್ಯಮಂತ್ರಿ ಯಡಿಯೂರಪ್ಪನವರು ಕಣ್ಣೀರಿಟ್ಟದ್ದು ನಿಮಗೆಲ್ಲ ನೆನಪಿರಬೇಕು.

ಕೊನೆಗೆ ಕೊಟ್ಟದ್ದು ಏನು? ಮುಖ್ಯಮಂತ್ರಿಗಳ ಪ್ರಧಾನ ಕಾರ್ಯದರ್ಶಿಯನ್ನು ಬದಲಾಯಿಸಲಾಯಿತು. ಲಾರಿ ಸುಂಕದ ಮಾತು ತಣ್ಣಗಾಯಿತು. ಸಂಪುಟದಲ್ಲಿದ್ದ ಏಕೈಕ ಮಹಿಳೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವೆ ಶೋಭಾ ಕರಂದ್ಲಾಜೆ ರಾಜೀನಾಮೆ ಕೊಟ್ಟರು. ಅವರ ಖಾತೆ ಜಗದೀಶ ಶೆಟ್ಟರ್ ಅವರಿಗೆ ಹೋಯಿತು.

ಶೋಭಾ ಅವರ ರಾಜಕೀಯ ನನ್ನದಲ್ಲ. ಅವರ ಎಷ್ಟೋ ಹೇಳಿಕೆಗಳ ವಿರುದ್ಧ ನಾನು ಬರೆದಿದ್ದೇನೆ, ಇನ್ನೂ ಬರೆದೇನು. ಆದರೆ ಆ ವಾರ ಅವರ ಮೇಲೆ ಹೊರಿಸಿದ ದೂರು ಯಾವುದು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಇಲಾಖೆಯಲ್ಲಿ ಹಣ ತಿಂದರು ಎಂದೇ? ಕೆಲಸ ಬಾರದು ಎಂದೇ? ಎರಡೂ ಅಲ್ಲ. ‘ಎಲ್ಲ ಇಲಾಖೆಯಲ್ಲೂ ಕೈಯಾಡಿಸುತ್ತಾರೆ’, ‘ಮುಖ್ಯಮಂತ್ರಿಗೆ ಬಹಳ ಹತ್ತಿರ’, ಇವು ದೂರುಗಳು. ಈ ಎರಡನೆಯ ಮಾತನ್ನು ಮೊಗಸಾಲೆಯಲ್ಲಿ ಯಾವ ನಗೆಯ ಜೊತೆ ಹೇಳುತ್ತಿದ್ದರು ಎಂಬುದನ್ನು ನಾನು ಅಭಿನಯಿಸಿ ತೋರಿಸುವುದಿಲ್ಲ. ಮುಖ್ಯಮಂತ್ರಿಗೆ ಹತ್ತಿರವಾಗಿದ್ದ ಗಂಡಸರು ಆಗಲೂ ಹತ್ತಾರು ಮಂದಿ ಇದ್ದರು. ಗಂಡಸು ಹತ್ತಿರವಿದ್ದರೆ ‘ಆಪ್ತ’, ‘ನಂಬಿಕಸ್ಥ’, ‘ಬಲಗೈ ಬಂಟ’. ಅವನ ಹತ್ತಿರ ಇರುವಿಕೆಯೇ ಅವನ ಬಂಡವಾಳ. ಹೆಣ್ಣು ಹತ್ತಿರವಿದ್ದರೆ ಅದೇ ಆರೋಪಪಟ್ಟಿ.

ರಾಜಿ ಮಾಡಿಸಿದ್ದು ಸುಷ್ಮಾ ಸ್ವರಾಜ್. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ನಿಂತು, ಕನ್ನಡ ಕಲಿತು ಭಾಷಣ ಮಾಡಿ ಸೋತವರು. ರೆಡ್ಡಿ ಸಹೋದರರು ಅವರನ್ನು ‘ತಾಯಿ’ ಎಂದು ಕರೆಯುತ್ತಿದ್ದರು. ವರಮಹಾಲಕ್ಷ್ಮಿ ಪೂಜೆಗೆ ಅವರು ಬಳ್ಳಾರಿಗೆ ಬರುವುದು ಪ್ರತಿ ಶ್ರಾವಣದ ಸುದ್ದಿಯಾಗಿತ್ತು. ಹೆಣ್ಣು ಮೊಗಸಾಲೆಯಲ್ಲಿ ಕೂತಿದ್ದಳಲ್ಲ ಎಂದು ನೀವು ಕೇಳಬಹುದು. ಕೂತಿದ್ದರು, ಸರಿ. ತಾಯಿಯಾಗಿ ಕೂತಿದ್ದರು. ನಮ್ಮ ರಾಜಕಾರಣದಲ್ಲಿ ಅಮ್ಮ, ಅಕ್ಕ, ತಾಯಿ ಎಂಬ ಕುರ್ಚಿಗಳಿವೆ. ಸಹೋದ್ಯೋಗಿ ಎಂಬ ಕುರ್ಚಿಯನ್ನು ಬಡಗಿ ಇನ್ನೂ ಮಾಡಿಲ್ಲ. ಮುಂದಿನ ವರ್ಷ ಶೋಭಾ ಸಂಪುಟಕ್ಕೆ ಮರಳಿದರು, ಇಂಧನ ಖಾತೆ ನೋಡಿಕೊಂಡರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಯಡಿಯೂರಪ್ಪ ಕೆಳಗಿಳಿದರು, ಸೆಪ್ಟೆಂಬರಿನಲ್ಲಿ ಜನಾರ್ದನ ರೆಡ್ಡಿ ಬಂಧನವಾಯಿತು. ಇವೆಲ್ಲ ಇತಿಹಾಸದ ಪುಟ ಸೇರಿವೆ. ಒಂದು ಉದ್ಯಮಕ್ಕೂ ಒಂದು ಸರ್ಕಾರಕ್ಕೂ ನಡೆದ ಕಾಳಗದಲ್ಲಿ ಕಪ್ಪವಾಗಿ ತೆತ್ತದ್ದು ಸಂಪುಟದ ಒಬ್ಬಳೇ ಹೆಣ್ಣುಮಗಳನ್ನು ಎಂಬ ಸಂಗತಿ ಮಾತ್ರ ಅಡಿಟಿಪ್ಪಣಿಯಲ್ಲೂ ಸಿಗುವುದಿಲ್ಲ.

ನನ್ನದೂ ಒಂದು ಅಡಿಟಿಪ್ಪಣಿ ಇದೆ. ಆ ದಿನಗಳಲ್ಲಿ ರೆಸಾರ್ಟಿನ ವರದಿಗೆ ನಾನು ಹೋಗುತ್ತೇನೆಂದು ಕೇಳಿದೆ. ವಿಧಾನಮಂಡಲದ ವರದಿಯಲ್ಲಿ ಆಗ ನನಗೆ ಹದಿನೈದು ವರ್ಷದ ಅನುಭವ. ಸಂಪಾದಕರು ಒಳ್ಳೆಯವರೇ. ‘ರೆಸಾರ್ಟಿಗೆ ಹೆಣ್ಮಗಳನ್ನ ಹೇಗಮ್ಮ ಕಳಿಸೋದು’ ಎಂದು ಹೊಸದಾಗಿ ಸೇರಿದ್ದ ಹುಡುಗನೊಬ್ಬನನ್ನು ಕಳಿಸಿದರು. ಅವನು ಅಲ್ಲಿ ಶಾಸಕರ ಜೊತೆ ಮೂರು ದಿನ ಉಂಡು ಮಲಗಿ ಮುಂದಿನ ಹತ್ತು ವರ್ಷಕ್ಕಾಗುವಷ್ಟು ಫೋನ್ ನಂಬರು ತಂದ. ನಾನು ಆಫೀಸಿನಲ್ಲಿ ಕೂತು ಅವನು ಫೋನಿನಲ್ಲಿ ಹೇಳಿದ್ದನ್ನು ತಿದ್ದಿ ಬರೆದೆ. ನನ್ನ ರಕ್ಷಣೆಗೆಂದೇ ಅವರು ಹಾಗೆ ಮಾಡಿದ್ದು, ಅನುಮಾನವಿಲ್ಲ. ಮೊಗಸಾಲೆಯ ಬಾಗಿಲನ್ನು ಬೈದು ಮುಚ್ಚುವುದಕ್ಕಿಂತ ಕಾಳಜಿಯಿಂದ ಮುಚ್ಚುವುದೇ ಹೆಚ್ಚು.

ಈಗ ಸ್ವಲ್ಪ ಅಂಕಿ. ಬೇಗ ಮುಗಿಸುತ್ತೇನೆ. 1962ರಲ್ಲಿ ಆಗಿನ ಮೈಸೂರು ರಾಜ್ಯದ ವಿಧಾನಸಭೆಗೆ 18 ಮಹಿಳೆಯರು ಆಯ್ಕೆಯಾಗಿದ್ದರು. 61 ವರ್ಷಗಳ ತರುವಾಯ, 2023ರಲ್ಲಿ, 224 ಸ್ಥಾನಗಳಲ್ಲಿ 10. ಕಣದಲ್ಲಿದ್ದ 2,615 ಅಭ್ಯರ್ಥಿಗಳಲ್ಲಿ ಮಹಿಳೆಯರು 184. ಆ ಚುನಾವಣೆಯ ನಂತರ 34 ಮಂದಿಯ ಸಂಪುಟ ತುಂಬಿದಾಗ ಅದರಲ್ಲಿ ಮಹಿಳೆ ಒಬ್ಬರು, ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ನಾವು 1987ರಲ್ಲೇ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟು ದೇಶಕ್ಕೆ ದಾರಿ ತೋರಿದವರು. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಹೆಸರು ಹೇಳಿ ಇವತ್ತಿಗೂ ಬೀಗುತ್ತೇವೆ. 2010ರಿಂದ ಶೇ 50. ಊರು ನಡೆಸಿದ ಹೆಂಗಸರ ಎರಡು ತಲೆಮಾರು ಆಗಿಹೋಗಿದೆ. ಟಿಕೆಟ್ ಹಂಚುವ ಹೊತ್ತಿಗೆ ಮಾತ್ರ ‘ಸಮರ್ಥ ಮಹಿಳೆಯರು ಸಿಗುತ್ತಿಲ್ಲ’ ಎಂಬ ಪಲ್ಲವಿ.

ಪರೀಕ್ಷೆ ಬರೆದು ಹತ್ತಬಹುದಾದ ಏಣಿಯನ್ನು ನೋಡಿ. ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ಮುಖ್ಯ ಕಾರ್ಯದರ್ಶಿಗಳಾದರು. ನೀಲಮಣಿ ರಾಜು ಪೊಲೀಸ್ ಮಹಾನಿರ್ದೇಶಕಿಯಾದರು. ವಿಧಾನಸೌಧದ ಮೂರನೆಯ ಮಹಡಿಯ ಮುಖ್ಯಮಂತ್ರಿ ಕೋಣೆಗೆ ಇದುವರೆಗೆ ಒಬ್ಬ ಹೆಣ್ಣೂ ಏರಿಲ್ಲ. ಒಂದೇ ಕಟ್ಟಡ, ಎರಡು ಏಣಿ. ಒಂದರ ಮೆಟ್ಟಿಲು ಅಂಕಪಟ್ಟಿಯದು, ಇನ್ನೊಂದರದು ‘ಗೆಲ್ಲುವ ಸಾಮರ್ಥ್ಯ’ದ್ದು. ಗೆಲ್ಲುವ ಸಾಮರ್ಥ್ಯ ಎಂದರೆ ದುಡ್ಡು ಎಂದು ಈ ಸಭಾಂಗಣದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ದುಡ್ಡು ಹುಟ್ಟುವುದು ಮೊಗಸಾಲೆಯಲ್ಲಿ. ಗಂಡನದೋ ಅಪ್ಪನದೋ ಮೊಗಸಾಲೆಯಿಂದ ಅದನ್ನು ತರಬಲ್ಲ ಹೆಣ್ಣಿಗೆ ಟಿಕೆಟ್ ಸಿಗುತ್ತದೆ. ಸಿಕ್ಕ ಮೇಲೆ ‘ಕುಟುಂಬ ರಾಜಕಾರಣ’ ಎಂದು ಅವಳನ್ನೇ ಮೂದಲಿಸುತ್ತೇವೆ. ಮಗನಾಗಿದ್ದರೆ ‘ಉತ್ತರಾಧಿಕಾರಿ’.

2023ರ ಸೆಪ್ಟೆಂಬರಿನಲ್ಲಿ ಸಂಸತ್ತು ವಿಧಾನಸಭೆಗಳಿಗೂ ಮೂರನೆಯ ಒಂದು ಪಾಲು ಮೀಸಲಿಟ್ಟು ತಿದ್ದುಪಡಿ ಮಾಡಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ. ಸೊಸೆಗೆ ಒಡವೆ ಬರೆದಿಟ್ಟು ಬೀರುವಿನ ಬೀಗದಕೈ ಮಾತ್ರ ಕೊಡದ ಅತ್ತೆಯ ಕಥೆ ಇದು.

ಇಂಥ ಉಪನ್ಯಾಸದಲ್ಲಿ ನಾಯಕರ ನಾಲಿಗೆಯ ಬಗ್ಗೆ ಮಾತಾಡಬೇಕೆಂದು ನಿರೀಕ್ಷಿಸಿರುತ್ತೀರಿ. ಅದು ಸುಲಭದ ಕೆಲಸ, ಹಾಗಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಾಜಿ ಸಭಾಧ್ಯಕ್ಷ, ಕಾಂಗ್ರೆಸ್ಸಿನ ರಮೇಶ್ ಕುಮಾರ್ ಅತ್ಯಾಚಾರದ ಬಗೆಗಿನ ಹಳಸಲು ಗಾದೆಯೊಂದನ್ನು ಎತ್ತಿ ಆಡಿದರು. ಪೀಠದಲ್ಲಿದ್ದವರು ನಕ್ಕರು. ಮರುದಿನ ಕ್ಷಮೆ ಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರಿಗೆ ಅಡುಗೆ ಮಾಡಲಷ್ಟೇ ಬರುತ್ತದೆ ಎಂದರು ಹಿರಿಯ ಕಾಂಗ್ರೆಸ್ಸಿಗ ಶಾಮನೂರು ಶಿವಶಂಕರಪ್ಪ. ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆ ಎಂಬರ್ಥದ ಮಾತಾಡಿ ವಿಷಾದಿಸಿದರು ಜೆಡಿಎಸ್‌ನ ಕುಮಾರಸ್ವಾಮಿ. 2012ರ ಫೆಬ್ರುವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಬಿಜೆಪಿಯ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರ ಕೈಲಿದ್ದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. ಮತ್ತೊಬ್ಬರು 2019ರಲ್ಲಿ, ಯಾವ ಸದನದ ಸದಸ್ಯರೂ ಆಗಿರದಿದ್ದಾಗ, ಉಪಮುಖ್ಯಮಂತ್ರಿಯಾದರು. ಪಕ್ಷ ಮೂರು, ನಾಲಿಗೆ ಒಂದು. ಪ್ರತಿ ಸಲವೂ ಪ್ರತಿಭಟನೆ, ಮಹಿಳಾ ಆಯೋಗದ ನೋಟಿಸು, ವಿಷಾದ, ಮುಕ್ತಾಯ.

ಬೈಗುಳಕ್ಕೆ ಕ್ಷಮೆ ಕೇಳಿಸಬಹುದು, ಯಾಕೆಂದರೆ ಬೈಗುಳ ಕೇಳಿಸುತ್ತದೆ. ಮೊಗಸಾಲೆಗೆ ಕರೆಯದೇ ಇದ್ದದ್ದಕ್ಕೆ ಯಾರಿಂದ ಕ್ಷಮೆ ಕೇಳಿಸುವುದು?

ಮೊಗಸಾಲೆಯ ಕಲ್ಪನೆಯಲ್ಲಿ ಹೆಣ್ಣಿಗೆ ಒಂದು ಪಾತ್ರ ಮಾತ್ರ ಉಂಟು: ಗಾಳದ ಹುಳು. 2021ರ ಮಾರ್ಚಿನಲ್ಲಿ ಒಬ್ಬ ಸಚಿವರ ಸಿ.ಡಿ. ಹೊರಬಂದು ಅವರು ರಾಜೀನಾಮೆ ಕೊಟ್ಟ ಬೆನ್ನಲ್ಲೇ ಬೇರೆ ಆರು ಸಚಿವರು ಓಡಿಹೋಗಿ ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಬಾರದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದರು. 2025ರ ಮಾರ್ಚಿನಲ್ಲಿ ಆಗಿನ ಸಹಕಾರ ಸಚಿವ ರಾಜಣ್ಣ, ಪಕ್ಷಭೇದವಿಲ್ಲದೆ 48 ಮಂದಿ ಹನಿಟ್ರ್ಯಾಪಿಗೆ ಸಿಕ್ಕಿದ್ದಾರೆ ಎಂದು ವಿಧಾನಸಭೆಯಲ್ಲೇ ಹೇಳಿದರು. ರಾಜ್ಯ ಒಂದು ವಾರ ಬಾಯಿ ಚಪ್ಪರಿಸಿತು. 48 ಯಾರು ಎಂಬುದೇ ಎಲ್ಲರ ಕುತೂಹಲ. ನನಗೆ ಕಂಡದ್ದು ಬೇರೆ. ಆ ವಾರದ ನಂತರ ವಿಧಾನಸೌಧದಲ್ಲಿ ಅಪಾಯಿಂಟ್‌ಮೆಂಟ್ ಕೇಳಿದ ಪ್ರತಿಯೊಬ್ಬ ಹೆಂಗಸೂ ಅನುಮಾನದ ವಸ್ತುವಾದಳು. ಸಬ್ಸಿಡಿ ಕಡತ ಹಿಡಿದು ಬಂದ ಉದ್ಯಮಿ, ಕಂಪನಿಯ ಪರವಾಗಿ ಮಾತಾಡಲು ಬಂದ ಅಧಿಕಾರಿ, ಎನ್‌ಜಿಒ ಹುಡುಗಿ, ವರದಿಗಾರ್ತಿ. ‘ಯಾರನ್ನಾದ್ರೂ ಜೊತೇಲಿ ಕರ್ಕೊಂಡು ಬನ್ನಿ ಮೇಡಂ’ ಎಂದು ಆಪ್ತ ಸಹಾಯಕರು ಹೇಳತೊಡಗಿದರು. ಜೊತೆಗೆ ಬಂದವನು ಗಂಡಸಾಗಿದ್ದರೆ ಮಂತ್ರಿಗಳು ಮಾತಾಡುವುದು ಅವನ ಜೊತೆ. ಗಂಡಸರ ಕಾಮಕ್ಕೆ ದಂಡ ಕಟ್ಟಿದವರು ಕೆಲಸವಿದ್ದ ಹೆಂಗಸರು.

ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಹೊರಬಿದ್ದ ಹಾಸನದ ಪೆನ್‌ಡ್ರೈವ್ ಪ್ರಕರಣವನ್ನು ಇಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅದಕ್ಕೆ ಬೇರೆಯದೇ ಉಪನ್ಯಾಸ ಬೇಕು. ಅಪರಾಧಿಗೆ 2025ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆದರೆ ಆ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡದೆ, 2024ರ ಚುನಾವಣೆಯ ಮುನ್ನಾದಿನಗಳಲ್ಲಿ, ಕರಪತ್ರದಂತೆ ಬಸ್ ನಿಲ್ದಾಣದವರೆಗೆ ಹಂಚಿದ್ದು ಕೂಡ ರಾಜಕಾರಣವೇ.

ವಾಣಿಜ್ಯ ಲೋಕದ ಮೊಗಸಾಲೆಗೆ ಬರುತ್ತೇನೆ. 1916ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ ಮೈಸೂರು ವಾಣಿಜ್ಯ ಮಂಡಳಿಯೇ ಇವತ್ತಿನ ಎಫ್‌ಕೆಸಿಸಿಐ. ತೆರಿಗೆ, ವಿದ್ಯುತ್ ದರ, ಕೈಗಾರಿಕಾ ನೀತಿ ಯಾವುದೇ ಇರಲಿ, ಸರ್ಕಾರ ಬಜೆಟ್ಟಿಗೆ ಮುಂಚೆ ಕರೆದು ಮಾತಾಡಿಸುವ ಸಂಸ್ಥೆ. ಅದರ ಅಧ್ಯಕ್ಷಸ್ಥಾನಕ್ಕೆ ಮೊದಲ ಮಹಿಳೆಯಾಗಿ ಉಮಾ ರೆಡ್ಡಿ ಬಂದದ್ದು 2025ರಲ್ಲಿ. ನೂರು ವರ್ಷ ದಾಟಿ ಇನ್ನೂ ಒಂಬತ್ತು. ಹೆಣ್ಣು ಉದ್ಯಮಿಗಳೇ ಇರಲಿಲ್ಲವೇ? 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕಿರಣ್ ಮಜುಂದಾರ್ ಬಯೋಕಾನ್ ಶುರುಮಾಡಿದ್ದರು. ಆಸ್ಟ್ರೇಲಿಯಾದಲ್ಲಿ ಮದ್ಯ ತಯಾರಿಕೆಯ ವಿಜ್ಞಾನ ಓದಿ ಬಂದಿದ್ದ ಅವರಿಗೆ ಇಲ್ಲಿನ ಬ್ರೂವರಿಗಳು ಇದು ಗಂಡಸರ ಕೆಲಸವೆಂದು ಬಾಗಿಲು ಹಾಕಿದ್ದವು. 1983ರಲ್ಲಿ ಮಧುರಾ ಛತ್ರಪತಿ ಮತ್ತವರ ಗೆಳತಿಯರು ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಕಟ್ಟಿದರು, ಬ್ಯಾಂಕು ಸಾಲ ಹೇಗೆ ಕೇಳುವುದು ಎಂಬಲ್ಲಿಂದ ಸಾವಿರಾರು ಹೆಂಗಸರಿಗೆ ಕಲಿಸಿದರು. ಹೆಂಗಸರು ಇದ್ದರು. ಅವರಿಗೆ ಬೇರೆ ಮನೆ ಕಟ್ಟಿಕೊಳ್ಳುವುದು ಸಾಧ್ಯವಾಯಿತು. ಇದ್ದ ಮನೆಯ ಮೊಗಸಾಲೆಯಲ್ಲಿ ಕೂರಲು ಆಗಲಿಲ್ಲ.

ಉದ್ಯಮಿಗಳ ಸಂಘವೊಂದರ ಕಾರ್ಯಕ್ರಮದ ಆಹ್ವಾನಪತ್ರಿಕೆ ತೆಗೆದು ನೋಡಿ. ಪ್ರಾರ್ಥನೆ: ಶ್ರೀಮತಿ. ನಿರೂಪಣೆ: ಕುಮಾರಿ. ಸ್ವಾಗತ ಸಮಿತಿ: ಮಹಿಳಾ ಘಟಕ. ಸಚಿವರಿಗೆ ಹೂಗುಚ್ಛ, ಮೈಸೂರು ಪೇಟ, ಶಾಲು ತಟ್ಟೆಯಲ್ಲಿ ಹಿಡಿದು ನಿಲ್ಲುವವರು ಯಾರು? ಈ ದತ್ತಿಯ ಅಮ್ಮ ಹೇಳುತ್ತಿದ್ದರು: ‘ನನ್ನ ಜೀವಮಾನದಲ್ಲಿ ಮಂತ್ರಿಗಳಿಗೆ ನಾನು ಕೊಟ್ಟ ಹೂವಿಗೆ ಲೆಕ್ಕವಿಲ್ಲಮ್ಮ. ಕೊಟ್ಟ ಕಾಗದ ಮಾತ್ರ ಲೆಕ್ಕಕ್ಕೆ ಸಿಗುತ್ತೆ.’

ಕೋಣೆಯಲ್ಲಿ ಹೆಂಗಸರು ಇಲ್ಲದಿದ್ದರೇನಂತೆ, ಕೆಲಸ ಆದರಾಯಿತಲ್ಲ ಎನ್ನುವವರಿಗೆ 417 ರೂಪಾಯಿಯ ಕಥೆ ಹೇಳಬೇಕು. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಪಾಲು ಹೆಂಗಸರು. 2020ರ ಏಪ್ರಿಲಿನಿಂದ ಅವರಿಗೆ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಕೋವಿಡ್ ಕಾಲ, ಕೊಡಲಾಗದು ಎಂದಿತು ಉದ್ಯಮ. ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಏರಿಕೆಯನ್ನು ಮುಂದೂಡಿಬಿಟ್ಟಿತು. ಆ ನಿರ್ಧಾರ ಆದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದ ಒಂದು ಕಾಲೂ ಇದ್ದಿರಲಾರದು. ಕಾರ್ಮಿಕ ಸಂಘ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟು ತುಟ್ಟಿಭತ್ಯೆ ಕೊಡಲೇಬೇಕೆಂದಿತು. ಆಮೇಲೂ ಅನೇಕ ಕಾರ್ಖಾನೆಗಳು ವರ್ಷಕ್ಕೂ ಹೆಚ್ಚು ಕಾಲ ಕೊಡಲಿಲ್ಲ. ಹೊರದೇಶದ ಕಾರ್ಮಿಕ ಹಕ್ಕು ಸಂಘಟನೆ ದೊಡ್ಡ ಬ್ರ್ಯಾಂಡುಗಳ ಕಿವಿ ಹಿಂಡಿದ ಮೇಲೆ ಕೊಟ್ಟರು. ಮೊಗಸಾಲೆಗೆ ಹೋಗಲಾಗದ ಹೆಂಗಸರಿಗೆ ಉಳಿದ ದಾರಿ ಬೀದಿ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಇದೇ ಹೆಂಗಸರು, ಯಾವ ನಾಯಕರೂ ಕರೆಯದೆ, ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು.

ಬೀದಿ ಯಾವಾಗಲೂ ಗೆಲ್ಲುವುದಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ನಡೆದು ಬಂದರು. ರಾಯಚೂರು, ಕೊಪ್ಪಳದ ಕಡೆಯ ಕೂಲಿ ಹೆಂಗಸರು. ಕಾಲು ಬೊಬ್ಬೆ ಎದ್ದಿತ್ತು. ಮದ್ಯದ ಲಾಬಿಗೆ ನಡೆಯುವ ಕಷ್ಟ ಇರಲಿಲ್ಲ, ಅದು ಬಜೆಟ್ ಪುಸ್ತಕದೊಳಗೇ ಕೂತಿತ್ತು. 2023-24ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 36,000 ಕೋಟಿ ರೂಪಾಯಿ. ಪಾನನಿಷೇಧ ಸಡಿಲಿಸಿದ್ದನ್ನು ಒಪ್ಪದೆ ಮಂತ್ರಿಗಿರಿ ಬಿಟ್ಟುಹೋದ ಯಶೋಧರಾ ದಾಸಪ್ಪನವರ ಫೋಟೊ ಹಳೆಯ ಕಾಂಗ್ರೆಸ್ಸಿಗರ ಮನೆಗಳಲ್ಲಿ ಇನ್ನೂ ಇದ್ದೀತು.

ಲಾಬಿಗೆ ಹೆಂಗಸರ ಮೇಲೆ ಪ್ರೀತಿ ಉಕ್ಕುವ ಸಂದರ್ಭಗಳೂ ಇವೆ, ಅನ್ಯಾಯವಾಗಿ ಮಾತಾಡಬಾರದು. 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ಪಾಳಿಗೆ ಅವಕಾಶ ಕೊಟ್ಟರು. ಮೂರು ತಿಂಗಳಲ್ಲಿ ಮಾಡಬಹುದಾದ ಓವರ್‌ಟೈಮ್ 75 ಗಂಟೆಯಿಂದ 145ಕ್ಕೆ ಏರಿತು. ಹೆಂಗಸರಿಗೆ ರಾತ್ರಿಪಾಳಿ ತೆರೆಯಿತು. ಆಗ ಸಮಾನ ಅವಕಾಶ, ಸ್ವಾತಂತ್ರ್ಯ ಎಂಬ ಒಳ್ಳೆಯ ಶಬ್ದಗಳನ್ನು ಉದ್ಯಮ ವಲಯದಿಂದ ಧಾರಾಳವಾಗಿ ಕೇಳಿದೆವು. ರಾತ್ರಿಪಾಳಿಯ ಹಕ್ಕು ಬೇಡವೆಂದು ನಾನು ಹೇಳುವುದಿಲ್ಲ. 2025ರ ಅಕ್ಟೋಬರಿನಲ್ಲಿ ಸಂಪುಟ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿದಾಗ ಶಬ್ದಕೋಶ ಬದಲಾಯಿತು. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 9ರಂದು ಸಿಕ್ಕ ತಡೆಯಾಜ್ಞೆ ಅದೇ ದಿನ ಹಿಂತೆಗೆತವಾಯಿತು. ‘ಹೀಗಾದರೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಕಷ್ಟ’ ಎಂಬ ಮಾತನ್ನು ಆ ದಿನಗಳಲ್ಲಿ ಎಷ್ಟು ಸೌಮ್ಯವಾದ ದನಿಗಳಲ್ಲಿ ಕೇಳಿದೆನೋ. ಹೆಣ್ಣಿನ ದೇಹ ರಾತ್ರಿ 2 ಗಂಟೆಗೆ ಯಂತ್ರದ ಮುಂದೆ ನಿಲ್ಲಬಲ್ಲದು, ಸರಿ. ತಿಂಗಳಿಗೊಂದು ದಿನ ಕೂರುತ್ತೇನೆ ಎಂದರೆ ಅದು ಲೆಕ್ಕದ ಹೊರೆ.

ಇನ್ನು ಕೆಲಸದ ಸ್ಥಳದ ಲೈಂಗಿಕ ಕಿರುಕುಳ. ಅದಕ್ಕೆ ಕಾನೂನು ಎಲ್ಲಿದೆ? 1997ರ ವಿಶಾಖಾ ತೀರ್ಪು, 2013ರ ಕಾಯ್ದೆ, ಹತ್ತು ಜನರಿರುವ ಆಫೀಸಿಗೂ ಆಂತರಿಕ ಸಮಿತಿ, ಎಲ್ಲವೂ ಇದೆ. ಆ ಕಾಯ್ದೆಯ ಜೀವ ಇರುವುದು ‘ಕೆಲಸದ ಸ್ಥಳ’ ಎಂಬ ಎರಡು ಪದಗಳಲ್ಲಿ. ರಾಜಕೀಯ ಪಕ್ಷ ಕೆಲಸದ ಸ್ಥಳವೇ? 2022ರಲ್ಲಿ ಕೇರಳ ಹೈಕೋರ್ಟ್ ಅಲ್ಲ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಪಕ್ಷ ಸೇರುವುದು ಉದ್ಯೋಗವಲ್ಲ, ಸಂಬಳವಿಲ್ಲ, ಮಾಲೀಕನಿಲ್ಲ. ತರ್ಕ ಸರಿಯಾಗಿಯೇ ಇದೆ. ಮೊಗಸಾಲೆಯ ಶಕ್ತಿ ಇರುವುದೇ ಅದು ಯಾರ ಆಫೀಸೂ ಅಲ್ಲ ಎಂಬುದರಲ್ಲಿ. ಪಕ್ಷಕ್ಕೆ ಇಪ್ಪತ್ತು ವರ್ಷ ದುಡಿದ ಕಾರ್ಯಕರ್ತೆಗೆ ಟಿಕೆಟ್ ಬೇಕಾದರೆ ಒಂಟಿಯಾಗಿ ಬಂದು ಕಾಣು ಎಂದವನ ಮೇಲೆ ಅವಳು ಯಾವ ಸಮಿತಿಗೆ ದೂರು ಕೊಡಬೇಕು? ಪೊಲೀಸ್ ಠಾಣೆಗೆ ಹೋಗಬಹುದು. ಠಾಣೆಯ ಇನ್‌ಸ್ಪೆಕ್ಟರನ್ನು ಆ ಊರಿಗೆ ಹಾಕಿಸಿದವರು ಯಾರು ಎಂಬುದು ಅವಳಿಗೆ ಗೊತ್ತಿರುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. 2017ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ 140ಕ್ಕೂ ಹೆಚ್ಚು ಹೆಂಗಸರು ಸಾಕೇ ಸಾಕು ಎಂದು ಬಹಿರಂಗ ಪತ್ರ ಬರೆದರು. ಶಾಸಕಿಯರು, ಸಿಬ್ಬಂದಿ, ಲಾಬಿ ವೃತ್ತಿಯವರು ಎಲ್ಲ ಸಹಿ ಹಾಕಿದ್ದರು. ಪತ್ರಕ್ಕೆ ಮೊದಲಿಟ್ಟವರು ಆಡಮಾ ಇವು, ವೀಸಾ ಕಂಪನಿಯ ಪರವಾಗಿ ಸರ್ಕಾರಗಳೊಂದಿಗೆ ವ್ಯವಹರಿಸುತ್ತಿದ್ದ ಹಿರಿಯ ಅಧಿಕಾರಿ. ಒಂದು ಸಂಜೆಯ ಕೂಟದಲ್ಲಿ ಸಹೋದ್ಯೋಗಿಗಳ ಕಣ್ಣೆದುರೇ ಒಬ್ಬ ಅವರ ಮೈಮೇಲೆ ಕೈಹಾಕಿದ್ದ, ಯಾರೂ ಅಡ್ಡ ಬಂದಿರಲಿಲ್ಲ. ಅಷ್ಟು ದೊಡ್ಡ ಕಂಪನಿಯ ಬಲವಿದ್ದವಳ ಗತಿ ಅದು. ತೊಡಕು ಎಲ್ಲಿದೆ ನೋಡಿ: ಲಾಬಿ ಮಾಡುವವಳಿಗೆ ಶಾಸಕ ಮಾಲೀಕನಲ್ಲ, ಅವಳು ಅವನ ನೌಕರಳಲ್ಲ, ಆದರೆ ಅವಳ ಕಡತದ ಜೀವ ಅವನ ಕೈಲಿದೆ. ಪತ್ರದ ನಂತರ ಕೆಲವೇ ತಿಂಗಳಲ್ಲಿ ಮೂವರು ಶಾಸಕರು ಸ್ಥಾನ ಬಿಟ್ಟರು. ದೂರು ಕೊಟ್ಟ ಸದನದ ನೌಕರರನ್ನು ಕಾಪಾಡುವ ಮಸೂದೆಯೊಂದನ್ನು ಮೆಲಿಸಾ ಮೆಲೆಂಡೆಜ್ ಎಂಬ ಶಾಸಕಿ ವರ್ಷ ವರ್ಷವೂ ತಂದು ವರ್ಷ ವರ್ಷವೂ ಸೋಲುತ್ತಿದ್ದರು. 2018ರ ಫೆಬ್ರುವರಿಯಲ್ಲಿ ಅದಕ್ಕೆ ಗವರ್ನರ್ ಸಹಿ ಬಿತ್ತು. ಪತ್ರ ಬರೆದ ಕಾಲಕ್ಕೆ 120 ಸ್ಥಾನಗಳ ಆ ಶಾಸನಸಭೆಯಲ್ಲಿ ಮಹಿಳೆಯರು ಸುಮಾರು ಐದರಲ್ಲಿ ಒಂದು ಪಾಲು. 2024ರ ಚುನಾವಣೆಯ ನಂತರ ಹೆಚ್ಚುಕಡಿಮೆ ಅರ್ಧ. ಪತ್ರದಿಂದಲೇ ಹೀಗಾಯಿತೆಂದು ನಾನು ಸಾಧಿಸುವುದಿಲ್ಲ. ಆದರೆ 140 ಹೆಸರು ಒಂದೇ ಕಾಗದದ ಕೆಳಗೆ ಬಂದದ್ದರ ಭಾರವೇ ಬೇರೆ.

ನಮ್ಮಲ್ಲಿ ಅಂಥ ಕಾಗದ ಇನ್ನೂ ಬಂದಿಲ್ಲ. ಬರಬೇಕಾದರೆ ಕಾಂಗ್ರೆಸ್ಸಿನ ಹೆಣ್ಣುಮಗಳಿಗೆ ಬೈದಾಗ ಬಿಜೆಪಿಯ ಹೆಣ್ಣುಮಗಳು, ಬಿಜೆಪಿಯವಳಿಗೆ ಬೈದಾಗ ಕಾಂಗ್ರೆಸ್ಸಿನವಳು ಬಾಯಿ ತೆರೆಯಬೇಕು. 2024ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ್ದ ವಿಧಾನ ಪರಿಷತ್ತಿನಲ್ಲಿ ಬಿಜೆಪಿಯ ಸಿ.ಟಿ. ರವಿಯವರು ಕಾಂಗ್ರೆಸ್ಸಿನ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರಿಗೆ ಅವಾಚ್ಯ ಪದ ಬಳಸಿದರೆಂಬ ಆರೋಪ ಬಂತು, ರವಿ ಅಲ್ಲಗಳೆದರು. ಬಂಧನ, ಹೈಕೋರ್ಟಿನಿಂದ ಬಿಡುಗಡೆ, ಎಲ್ಲ ನಡೆಯಿತು. ಆ ಪದ ಆಡಿದರೋ ಇಲ್ಲವೋ ನ್ಯಾಯಾಲಯ ನೋಡಿಕೊಳ್ಳಲಿ. ನಾನು ನೋಡಿದ್ದು ಎರಡೂ ಕಡೆಯ ಹೆಂಗಸರು ತಂತಮ್ಮ ಪಕ್ಷದ ಗಂಡಸರ ಬೆನ್ನ ಹಿಂದೆ ಎಷ್ಟು ಬೇಗ ಸಾಲುಗಟ್ಟಿದರು ಎಂಬುದನ್ನು. ಬಾಗಿಲ ಹಿಂದೆ ನಿಂತವರಲ್ಲೂ ಎರಡು ಸಾಲು.

ಲಕೋಟೆಯ ಮಾತು ಬಾಕಿ ಇದೆ.

ಅದರಲ್ಲಿ ಎರಡು ಕಾಗದ ಇದ್ದವು. ಒಂದು, ಸಣ್ಣ ಕೈಗಾರಿಕೆಗಳ ವಿದ್ಯುತ್ ದರದ ಬಗ್ಗೆ ಮಂತ್ರಿಗಳಿಗೆ ಸಲ್ಲಿಸಿದ ಮನವಿಯ ಕರಡು, ಅವರದೇ ದುಂಡು ಕೈಬರಹ. ನಿಗದಿತ ಶುಲ್ಕ ಎಷ್ಟು, ಕರೆಂಟು ಹೋದ ಗಂಟೆಗಳೆಷ್ಟು, ಡೀಸೆಲ್ ಜನರೇಟರಿನಿಂದ ಒಂದು ಯೂನಿಟ್ಟಿಗೆ ಬೀಳುವ ಖರ್ಚೆಷ್ಟು, ತಮ್ಮ ಸಾಲಿನ ಹನ್ನೆರಡು ಘಟಕಗಳಿಗೆ ಹೋಗಿ ಮೀಟರ್ ನೋಡಿ ಬರೆದುಕೊಂಡ ಲೆಕ್ಕ. ಇನ್ನೊಂದು, ಹಳದಿಗಟ್ಟಿದ ಪತ್ರಿಕೆಯ ತುಣುಕು. ಫೋಟೊದಲ್ಲಿ ಆರು ಜನ. ಮಂತ್ರಿಗಳು ಮನವಿಪತ್ರ ಕೈಲಿ ಹಿಡಿದಿದ್ದಾರೆ. ಪಕ್ಕದಲ್ಲಿ ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಇಬ್ಬರು ನಿರ್ದೇಶಕರು. ಅಂಚಿನಲ್ಲಿ ರೇಷ್ಮೆ ಸೀರೆಯುಟ್ಟು, ಖಾಲಿ ತಟ್ಟೆ ಹಿಡಿದು ಇವರು. ಕೆಳಗೆ ಐದು ಗಂಡಸರ ಹೆಸರು, ಹುದ್ದೆ ಸಮೇತ. ಆಮೇಲೆ ‘ಮತ್ತಿತರರು ಚಿತ್ರದಲ್ಲಿದ್ದಾರೆ’.

ಇತರರು ಅಲ್ಲಿ ಒಬ್ಬರೇ ಇದ್ದರು.

ತುಣುಕನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ತಾರೀಖು ಉಳಿದಿತ್ತು, ಅಕ್ಷರದ ವಿನ್ಯಾಸದಿಂದ ಪತ್ರಿಕೆ ಯಾವುದೆಂದೂ ಗೊತ್ತಾಯಿತು. ನಾನು ಕೆಲಸ ಮಾಡಿದ ಪತ್ರಿಕೆ. ನನ್ನ ಹಳೆಯ ಡೈರಿ ತೆಗೆದೆ. ಆ ತಿಂಗಳು ನನಗೆ ವರದಿಗಾರಿಕೆ ಇರಲಿಲ್ಲ, ರಾತ್ರಿಪಾಳಿಯ ಡೆಸ್ಕು. ಬೆಂಗಳೂರು ಪುಟದ ಫೋಟೊಗಳಿಗೆ ಅಡಿಬರಹ ಬರೆಯುವ ಕೆಲಸ ನನ್ನದು.